ಬೇಟೆ ಮುಗಿಯುವವರೆಗೆ ಹಡಗು ಕಾಯುತ್ತದೆ

ಒಂದೇ ವರ್ಷದಲ್ಲಿ ಒಂದು ಗಣಿ ತೆರೆಯಿತು, ಇನ್ನೊಂದು ಮುಚ್ಚಿತು. ಊರವರ ಮಾತು ಕೇಳಿದ್ದಕ್ಕೂ ಕೇಳದೆ ಹೋದದ್ದಕ್ಕೂ ಎಷ್ಟು ಅಂತರವೆಂದು ತಿಳಿಸುವ ಎರಡು ಗಣಿಗಳ ಕಥೆ.

ಮಕ್ಕಳೇ, ಮನೆಯ ಸುತ್ತ ಒಮ್ಮೆ ಕಣ್ಣಾಡಿಸಿ. ಕೊಟ್ಟಿಗೆಯ ಮೇಲೆ ಹೊದಿಸಿದ ಜಿಂಕ್ ಶೀಟು, ಬಚ್ಚಲಿನ ತಗಡಿನ ಬಕೆಟ್ಟು, ತೋಟದ ಬೇಲಿಯ ಮುಳ್ಳುತಂತಿ, ನಲ್ಲಿಗೆ ನೀರು ತರುವ ಜಿ.ಐ. ಪೈಪು. ಇವೆಲ್ಲ ಕಬ್ಬಿಣದವು. ಆದರೂ ವರ್ಷಗಟ್ಟಲೆ ಮಳೆಯಲ್ಲಿ ನೆನೆದು ಬಿಸಿಲಲ್ಲಿ ಒಣಗಿದರೂ ಬೇಗ ತುಕ್ಕು ಹಿಡಿಯುವುದಿಲ್ಲ. ಯಾಕೆ ಗೊತ್ತೇ? ಅವುಗಳ ಮೈಗೆ ಸತುವಿನ ತೆಳುವಾದ ಲೇಪವಿದೆ. ಸತುವನ್ನೇ ಇಂಗ್ಲಿಷಿನಲ್ಲಿ ಜಿಂಕ್ ಅನ್ನುತ್ತಾರೆ. ಅಜ್ಜನ ಹಳೆಯ ಟಾರ್ಚಿನ ಸೆಲ್ಲಿನ ಹೊರಕವಚವೂ ಸತುವಿನದೇ.

ಈ ಸತು ನೆಲದೊಳಗೆ ಸಿಗುತ್ತದೆ. ನೆಲದ ಮೇಲೆ ಮಾತ್ರ ಜನರಿರುತ್ತಾರೆ. ಅವರಿಗೆ ಅಲ್ಲಿ ಮನೆ, ಹೊಳೆ, ಬೇಟೆ, ಬೆಳೆ, ಹಿರಿಯರ ಸಮಾಧಿ ಎಲ್ಲ ಇರುತ್ತವೆ. ದೂರದ ದೇಶದ ಕಂಪನಿಯೊಂದು ಬಂದು "ನಿಮ್ಮ ನೆಲದಡಿಯಲ್ಲಿ ಲೋಹವಿದೆ, ಅಗೆಯುತ್ತೇವೆ" ಎಂದರೆ ಅವರೇನು ಹೇಳಬೇಕು? ಕಂಪನಿಯಾದರೂ ಅವರೊಡನೆ ಹೇಗೆ ನಡೆದುಕೊಳ್ಳಬೇಕು? ಜಗತ್ತಿನ ಎರಡು ಮೂಲೆಗಳಲ್ಲಿ ಈ ಪ್ರಶ್ನೆ ಎದುರಾದಾಗ ಸಿಕ್ಕ ಉತ್ತರಗಳು ಬೇರೆ ಬೇರೆ.

ಕೆಂಪು ನಾಯಿಯ ಹೊಳೆ

ಅಮೆರಿಕದ ಅಲಾಸ್ಕ ರಾಜ್ಯದ ವಾಯವ್ಯ ಮೂಲೆಗೆ ಹೋಗೋಣ. ಅದು ಆರ್ಕ್ಟಿಕ್ ವೃತ್ತಕ್ಕಿಂತಲೂ ಉತ್ತರಕ್ಕಿರುವ ಸೀಮೆ. ಚಳಿಗಾಲದಲ್ಲಿ ಅಲ್ಲಿ ಸೂರ್ಯನ ಮುಖ ಕಾಣುವುದೇ ಕಷ್ಟ, ಬೇಸಿಗೆಯಲ್ಲಿ ಅವನು ಮುಳುಗುವುದೇ ಇಲ್ಲ. ಮರಗಳಿಲ್ಲದ ಬೋಳುಗುಡ್ಡಗಳು, ಕಾಲಿಟ್ಟಲ್ಲೆಲ್ಲ ಪಾಚಿ, ವರ್ಷದ ಬಹುಪಾಲು ಹಿಮ. ಇನುಪಿಯಾಟ್ ಎಂಬ ಜನ ಸಾವಿರಾರು ವರ್ಷಗಳಿಂದ ಇಲ್ಲಿ ಬಾಳಿಕೊಂಡು ಬಂದಿದ್ದಾರೆ.

ಅಲ್ಲಿ ರಾಗಿ, ಭತ್ತ ಬೆಳೆಯುವುದಿಲ್ಲ. ಊಟ ಬರುವುದು ಬೇಟೆಯಿಂದ, ಹೊಳೆಯಿಂದ, ಸಮುದ್ರದಿಂದ. ಹಿಂಡುಹಿಂಡಾಗಿ ವಲಸೆ ಬರುವ ಕ್ಯಾರಿಬೂ ಎಂಬ ಹಿಮಸಾರಂಗದ ಮಾಂಸ ಆಹಾರವಾದರೆ, ಅದರ ಚರ್ಮ ಹಾಸಿಗೆಗೂ ಉಡುಪಿಗೂ ಆಗುತ್ತಿತ್ತು. ಹೊಳೆಯಲ್ಲಿ ಮೀನು, ಕಡಲಲ್ಲಿ ಸೀಲ್ ಮತ್ತು ಬೆಲೂಗ ಎಂಬ ಬಿಳಿ ತಿಮಿಂಗಿಲ. ನಮ್ಮ ಮನೆಗಳಲ್ಲಿ ತುಪ್ಪಕ್ಕೆ ಎಂಥ ಸ್ಥಾನವಿದೆಯೋ ಅವರ ಮನೆಗಳಲ್ಲಿ ಸೀಲ್ ಎಣ್ಣೆಗೆ ಅಂಥ ಸ್ಥಾನ. ಯಾವ ತಿಂಗಳು ಯಾವ ಪ್ರಾಣಿ ಎಲ್ಲಿಗೆ ಬರುತ್ತದೆ, ಮಂಜು ಯಾವಾಗ ಒಡೆಯುತ್ತದೆ ಎಂಬುದೆಲ್ಲ ಅಜ್ಜ-ಅಜ್ಜಿಯರ ನೆನಪಿನಲ್ಲಿರುವ ಪಂಚಾಂಗ.

ಅಲ್ಲಿನ ಗುಡ್ಡಗಳ ಮೇಲೆ ಚಿಕ್ಕ ವಿಮಾನ ಹಾರಿಸುತ್ತಿದ್ದ ಬಾಬ್ ಬೇಕರ್ ಎಂಬ ಪೈಲಟ್ ಒಂದು ವಿಚಿತ್ರ ಗಮನಿಸಿದ. ಒಂದು ತೊರೆಯ ದಡವೆಲ್ಲ ತುಕ್ಕು ಬಳಿದಂತೆ ಕೆಂಪಗಿತ್ತು. ಅವನಿಂದ ವಿಷಯ ತಿಳಿದ ಭೂವಿಜ್ಞಾನಿ ಅರ್ವ್ ಟೇಲರ್ ಅಲ್ಲಿಂದ ಮಣ್ಣು, ಕಲ್ಲು ತಂದು ಪರೀಕ್ಷಿಸಿದಾಗ ಸತು ಮತ್ತು ಸೀಸ ಹೇರಳವಾಗಿರುವುದು ಗೊತ್ತಾಯಿತು. ಬೇಕರ್ ಜೊತೆ ವಿಮಾನದಲ್ಲಿ ಸುತ್ತುತ್ತಿದ್ದ ಕೆಂಚು ಬಣ್ಣದ ನಾಯಿಯೊಂದಿತ್ತು. ಅದರ ನೆನಪಿಗೆ ಆ ತೊರೆಗೆ 'ರೆಡ್ ಡಾಗ್' ಎಂಬ ಹೆಸರು ಬಿತ್ತು. ಇಂದು ಜಗತ್ತಿನ ಅತಿ ದೊಡ್ಡ ಸತುವಿನ ಗಣಿಗಳಲ್ಲಿ ಒಂದಕ್ಕೆ ಆ ನಾಯಿಯ ಹೆಸರೇ ಇದೆ!

ನೆಲ ಯಾರದು?

ಗಣಿಗಿಂತ ಮೊದಲು ಬಗೆಹರಿಯಬೇಕಿದ್ದ ಪ್ರಶ್ನೆ ಇದು. 1867ರಲ್ಲಿ ರಷ್ಯಾ ದೇಶ ಅಲಾಸ್ಕವನ್ನು 72 ಲಕ್ಷ ಡಾಲರಿಗೆ ಅಮೆರಿಕಕ್ಕೆ ಮಾರಿತು. ಅಲ್ಲಿ ವಾಸವಿದ್ದವರನ್ನು ಕೇಳಿದವರೇ ಇಲ್ಲ. ನಮ್ಮ ಮನೆಯನ್ನು ಪಕ್ಕದ ಬೀದಿಯವರು ಆಚೆ ಬೀದಿಯವರಿಗೆ ಮಾರಿದ ಹಾಗಾಯಿತು.

ನೂರು ವರ್ಷಗಳ ನಂತರ, 1966ರಲ್ಲಿ, ವಿಲ್ಲಿ ಹೆನ್ಸ್ಲಿ ಎಂಬ ಇನುಪಿಯಾಟ್ ತರುಣ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಒಂದು ಪ್ರಬಂಧ ಬರೆದರು. ಅಲಾಸ್ಕದ ಮೂಲನಿವಾಸಿಗಳಿಗೆ ಈ ನೆಲದ ಮೇಲೆ ಏನು ಹಕ್ಕಿದೆ ಎಂಬುದೇ ಅದರ ವಿಷಯ. ಊರೂರುಗಳಲ್ಲಿ ಸಂಘಗಳು ಹುಟ್ಟಿದವು, ಹಕ್ಕೊತ್ತಾಯ ಬೆಳೆಯಿತು. ಕೊನೆಗೆ 1971ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ ಮೂಲನಿವಾಸಿಗಳಿಗೆ 4.4 ಕೋಟಿ ಎಕರೆ ನೆಲವನ್ನೂ 96.25 ಕೋಟಿ ಡಾಲರ್ ಪರಿಹಾರವನ್ನೂ ಕೊಟ್ಟಿತು. ನೆಲದ ಆಡಳಿತಕ್ಕಾಗಿ ಪ್ರದೇಶಕ್ಕೊಂದು ಸಂಸ್ಥೆ ಹುಟ್ಟಿತು. ಅಲ್ಲಿನ ಜನರೇ ಅದರ ಷೇರುದಾರರು. ವಾಯವ್ಯ ಮೂಲೆಯ ಹನ್ನೊಂದು ಊರುಗಳಿಗೆ ಸೇರಿದ ಸಂಸ್ಥೆಯ ಹೆಸರು 'ನಾನಾ'. ಕನ್ನಡಿಗರಿಗೆ ನೆನಪಿಡಲು ಸುಲಭ! ಇಂದು ಅದಕ್ಕೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಷೇರುದಾರರಿದ್ದಾರೆ.

ಹೀಗಾಗಿ ಕೆನಡಾದ ಕೊಮಿಂಕೋ ಎಂಬ ಗಣಿ ಕಂಪನಿಯ ಕಣ್ಣು ರೆಡ್ ಡಾಗ್ ಮೇಲೆ ಬಿದ್ದಾಗ ಇನುಪಿಯಾಟ್ ಜನರ ಬಾಗಿಲು ತಟ್ಟದೆ ಬೇರೆ ದಾರಿ ಇರಲಿಲ್ಲ. ಮನೆಯ ಯಜಮಾನರು ಯಾರೆಂದು ಗೊತ್ತಿದ್ದಾಗ ಬಂದವರ ಮಾತಿನ ಧಾಟಿಯೇ ಬೇರೆಯಾಗುತ್ತದೆ, ಅಲ್ಲವೇ?

ಹಿರಿಯರು ಕೇಳಿದ ಪ್ರಶ್ನೆಗಳು

ಊರವರು ಕೂಡಲೇ ಒಪ್ಪಲಿಲ್ಲ. "ಲಾರಿ ಓಡಾಡಿದರೆ ಕ್ಯಾರಿಬೂ ಬರುತ್ತವೆಯೇ? ಹಡಗಿನ ಸದ್ದಿಗೆ ಬೆಲೂಗ ಹೆದರಿ ಓಡುವುದಿಲ್ಲವೇ? ಹೊಳೆಯ ನೀರು ಏನಾಗುತ್ತದೆ?" ಹಿರಿಯರ ಚಿಂತೆಗಳು ಇಂಥವು. ಇನ್ನೊಂದು ಕಡೆ ಊರಿನಲ್ಲಿ ಸಂಬಳ ಸಿಗುವ ಕೆಲಸ ಬಹಳ ಕಡಿಮೆ. ಸೀಮೆಎಣ್ಣೆ, ಬಟ್ಟೆ, ದೋಣಿಯ ಎಂಜಿನ್ ಎಲ್ಲವೂ ದೂರದಿಂದ ಬರಬೇಕು, ಎಲ್ಲದಕ್ಕೂ ದುಡ್ಡು ಬೇಕು. ಮಕ್ಕಳು ಕೆಲಸಕ್ಕಾಗಿ ಊರು ಬಿಡುತ್ತಿದ್ದರು.

ವರ್ಷಗಟ್ಟಲೆ ಸಭೆ, ಚರ್ಚೆಗಳು ನಡೆದು 1982ರಲ್ಲಿ ನಾನಾ ಮತ್ತು ಕೊಮಿಂಕೋ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಮುಖ್ಯ ಅಂಶಗಳು ಇವು.

ನೆಲ ನಾನಾದ್ದೇ. ಕಂಪನಿ ಅದನ್ನು ಕೊಳ್ಳುವಂತಿಲ್ಲ, ಗುತ್ತಿಗೆಗೆ ಪಡೆದು ಅಗೆಯಬಹುದು.

ಕೆಲಸಕ್ಕೆ ಜನರನ್ನು ಸೇರಿಸಿಕೊಳ್ಳುವಾಗ ನಾನಾ ಷೇರುದಾರರಿಗೆ ಮೊದಲ ಅವಕಾಶ. ಬೇಕಾದ ತರಬೇತಿಯನ್ನೂ ಕೊಡಬೇಕು.

ಆರಂಭದ ವರ್ಷಗಳಲ್ಲಿ ಜನರಿಗೆ ಚಿಕ್ಕ ರಾಜಧನ. ಕಂಪನಿ ಹೂಡಿದ ಬಂಡವಾಳ ಕೈಸೇರಿದ ಮೇಲೆ ನಿವ್ವಳ ಆದಾಯದಲ್ಲಿ ಶೇ 25 ಪಾಲು. ಆಮೇಲೆ ಐದು ವರ್ಷಕ್ಕೊಮ್ಮೆ ಆ ಪಾಲು ಶೇ 5ರಷ್ಟು ಏರುತ್ತ ಕೊನೆಗೆ ಅರ್ಧಕ್ಕರ್ಧ ಆಗಬೇಕು. ಶೇ 25ರ ಹಂತ 2007ರಲ್ಲಿ ಬಂತು.

ಬೇಟೆ, ಮೀನುಗಾರಿಕೆಗೆ ತೊಂದರೆಯಾಗದಂತೆ ನೋಡಿಕೊಳ್ಳಲು ಸಮೀಪದ ನೋಟಾಕ್ ಮತ್ತು ಕಿವಲೀನಾ ಊರುಗಳ ಹಿರಿಯರು, ಬೇಟೆಗಾರರು ಇರುವ ಒಂದು ಸಮಿತಿ.

ಈ ಕೊನೆಯ ಅಂಶವೇ ಎಲ್ಲಕ್ಕಿಂತ ಸ್ವಾರಸ್ಯದ್ದು.

ಕ್ಯಾರಿಬೂ ಬಂದರೆ ಲಾರಿ ನಿಲ್ಲಬೇಕು

ಗಣಿ ಶುರುವಾದದ್ದು 1989ರಲ್ಲಿ. ಅಗೆದ ಅದಿರನ್ನು ಅಲ್ಲೇ ಪುಡಿ ಮಾಡಿ, ಸತು-ಸೀಸದ ಅಂಶ ಹೆಚ್ಚಿರುವ ಪುಡಿಯನ್ನು ಬೇರ್ಪಡಿಸುತ್ತಾರೆ. ಆ ಪುಡಿಯನ್ನು ಹೊತ್ತ ದೊಡ್ಡ ಲಾರಿಗಳು ಸುಮಾರು 84 ಕಿಲೋಮೀಟರ್ ಮಣ್ಣುರಸ್ತೆಯಲ್ಲಿ ಸಾಗಿ ಚುಕ್ಚಿ ಸಮುದ್ರದ ದಡದ ಬಂದರಿಗೆ ತಲುಪಿಸುತ್ತವೆ.

ಆ ಸಮುದ್ರ ವರ್ಷದಲ್ಲಿ ಸುಮಾರು ನೂರು ದಿನ ಮಾತ್ರ ಹಡಗಿಗೆ ದಾರಿ ಬಿಡುತ್ತದೆ. ಉಳಿದ ದಿನವೆಲ್ಲ ಮಂಜುಗಡ್ಡೆ. ಹಾಗಾಗಿ ತಿಂಗಳುಗಟ್ಟಲೆ ತಂದ ಪುಡಿಯನ್ನು ಬಂದರಿನ ಭಾರಿ ಉಗ್ರಾಣಗಳಲ್ಲಿ ತುಂಬಿಡಬೇಕು. ಮಂಜು ಕರಗಿದ ಒಂದೊಂದು ದಿನವೂ ಕಂಪನಿಗೆ ಚಿನ್ನದಂಥದ್ದು. ಆದರೆ ಮಂಜು ಒಡೆಯುವ ಆ ಹೊತ್ತಿನಲ್ಲೇ ಕಿವಲೀನಾ ಜನರಿಗೆ ಸೀಲ್ ಮತ್ತು ಬೆಲೂಗ ಬೇಟೆಯ ಕಾಲ. ಆಗ ಸಿಕ್ಕ ಮಾಂಸ, ಎಣ್ಣೆ ಮುಂದಿನ ಚಳಿಗಾಲದ ದಾಸ್ತಾನು.

ಯಾರು ಮೊದಲು? ಒಪ್ಪಂದದ ಪ್ರಕಾರ ಬೇಟೆಗಾರರು. "ನಮ್ಮ ಬೇಟೆ ಮುಗಿಯಿತು" ಎಂದು ಸಮಿತಿಯವರು ಹೇಳಿದ ಮೇಲೆಯೇ ಹಡಗುಗಳಿಗೆ ಅದಿರು ತುಂಬುವ ಕೆಲಸ ಶುರು. ಕೋಟಿಗಟ್ಟಲೆ ಬೆಲೆಯ ಸರಕಿಗಾಗಿ ಬಂದ ಹಡಗೂ ಅಲ್ಲಿಯತನಕ ಕಾಯಬೇಕು. ರಸ್ತೆಯದೂ ಇದೇ ನಿಯಮ. ಕ್ಯಾರಿಬೂ ಹಿಂಡು ರಸ್ತೆ ದಾಟಲು ಬಂತೆಂದರೆ ಲಾರಿಗಳು ನಿಂತಲ್ಲೇ ನಿಲ್ಲಬೇಕು. ಹಿಂಡು ದೊಡ್ಡದಾದರೆ ಕಾಯುವ ಹೊತ್ತೂ ದೊಡ್ಡದು. ನಮ್ಮ ಹಳ್ಳಿ ರಸ್ತೆಯಲ್ಲಿ ಕುರಿಮಂದೆ ಅಡ್ಡ ಬಂದಾಗ ಬಸ್ಸಿನ ಡ್ರೈವರ್ ಹಾರ್ನ್ ಒತ್ತಿ ಗದರುವುದನ್ನು ನೋಡಿದ್ದೀರಲ್ಲ? ಅಲ್ಲಿ ಹಾಗೆ ಮಾಡುವಂತಿಲ್ಲ.

ಕೆಲಸಗಾರರು ವಿಮಾನದಲ್ಲಿ ಗಣಿಗೆ ಬಂದು ಕೆಲವು ವಾರ ಅಲ್ಲೇ ಉಳಿದು ದುಡಿಯುತ್ತಾರೆ. ಆಮೇಲೆ ರಜೆಯ ಮೇಲೆ ಊರಿಗೆ ಹೋಗುತ್ತಾರೆ. ಸಂಬಳದ ಕೆಲಸ ಮಾಡಿಕೊಂಡೇ ಊರಿಗೆ ಹೋದಾಗ ಬೇಟೆಗೂ ಮೀನಿಗೂ ಹೊರಡಬಹುದು. ಊರುಗಳ ಶಾಲೆಗಳಿಗೂ ಗಣಿಯ ಹಣ ಹರಿಯುತ್ತದೆ. ಇನ್ನೂ ಒಂದು ವಿಶೇಷವಿದೆ. 1971ರ ಕಾನೂನಿನ ಪ್ರಕಾರ, ನೆಲದಡಿಯ ಸಂಪತ್ತಿನಿಂದ ಬಂದ ಆದಾಯದಲ್ಲಿ ಶೇ 70ರಷ್ಟನ್ನು ಅಲಾಸ್ಕದ ಎಲ್ಲ ಪ್ರದೇಶಗಳ ಮೂಲನಿವಾಸಿ ಸಂಸ್ಥೆಗಳು ಹಂಚಿಕೊಳ್ಳಬೇಕು. ಗಣಿ ಇಲ್ಲದ ಊರಿನವರಿಗೂ ಒಂದು ತುತ್ತು ಸಿಗಲಿ ಎಂಬ ಲೆಕ್ಕಾಚಾರ.

ಎಲ್ಲವೂ ಸಿಹಿಯೇ?

ಇಲ್ಲ. ಸಿಹಿ ಮಾತ್ರ ಹೇಳಿದರೆ ಕಥೆ ಅರ್ಧವಾಗುತ್ತದೆ.

ಲೋಹದ ಅಂಶ ತಾನಾಗಿಯೇ ಬೆರೆಯುತ್ತಿದ್ದುದರಿಂದ ರೆಡ್ ಡಾಗ್ ತೊರೆಯ ನೀರು ಗಣಿ ಬರುವ ಮೊದಲೇ ಮೀನಿಗೆ ಒಗ್ಗುತ್ತಿರಲಿಲ್ಲ. ಆದರೆ ಆ ತೊರೆ ಮುಂದೆ ವೂಲಿಕ್ ಎಂಬ ಹೊಳೆಗೆ ಸೇರುತ್ತದೆ. ಕಿವಲೀನಾ ಜನ ಕುಡಿಯುವುದು ಆ ಹೊಳೆಯ ನೀರನ್ನೇ. ಗಣಿಯ ನೀರನ್ನು ಶುದ್ಧಮಾಡಿಯೇ ಬಿಡುತ್ತೇವೆ ಎಂದು ಕಂಪನಿ ಹೇಳಿದರೂ, ಅನುಮತಿಯ ಮಿತಿ ಮೀರಲಾಗಿದೆ ಎಂದು ಊರಿನ ಕೆಲವರು 2004ರಲ್ಲಿ ನ್ಯಾಯಾಲಯಕ್ಕೆ ಹೋದರು. 2008ರಲ್ಲಿ ರಾಜಿಯಾಯಿತು.

ಧೂಳಿನ ತೊಂದರೆಯೂ ಇತ್ತು. ರಸ್ತೆಬದಿಯ ಪಾಚಿಯಲ್ಲಿ ಸೀಸದ ಅಂಶ ಸೇರಿದೆ ಎಂದು 2001ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಯ ಅಧ್ಯಯನ ಹೇಳಿತು. ಕ್ಯಾರಿಬೂಗಳು ಮೇಯುವ ನೆಲವದು. ಹಳೆಯ ಲಾರಿಗಳಿಗೆ ಟಾರ್ಪಾಲಿನ ಹೊದಿಕೆಯಿತ್ತು. ಅವುಗಳ ಬದಲು ಗಟ್ಟಿಯಾದ ಮುಚ್ಚಳವಿರುವ ಲಾರಿಗಳು ಬಂದವು. ಸಂಬಳ ಕೈಗೆ ಬಂದ ಮೇಲೆ ಕೆಲವು ಕುಟುಂಬಗಳು ಊರು ಬಿಟ್ಟು ಆಂಕರೇಜ್ ನಗರಕ್ಕೆ ಹೋಗಿ ನೆಲೆಸಿದ್ದೂ ಉಂಟು. ಊರು ಉಳಿಯಲೆಂದು ಬಂದ ದುಡ್ಡು ಹೀಗೂ ಮಾಡಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ತಕರಾರು ಬಂದಾಗ ಹೇಳಿಕೊಳ್ಳಲು ಜಾಗವಿತ್ತು. ಸಮಿತಿಯಿತ್ತು, ಒಪ್ಪಂದದ ಕಾಗದವಿತ್ತು, ನ್ಯಾಯಾಲಯವಿತ್ತು. ಜಗಳವೂ ಮಾತಿನಲ್ಲೇ ನಡೆಯಿತು.

ಮಾತಿಗೆ ಜಾಗವಿಲ್ಲದ ದ್ವೀಪ

ಈಗ ಭೂಮಿಯ ಇನ್ನೊಂದು ಬದಿಗೆ ಬನ್ನಿ. ಪೆಸಿಫಿಕ್ ಸಾಗರದಲ್ಲಿ, ಪಪುವಾ ನ್ಯೂಗಿನಿ ದೇಶಕ್ಕೆ ಸೇರಿದ ಬೋಗನ್‌ವಿಲ್ ಎಂಬ ದ್ವೀಪವಿದೆ. ನಮ್ಮ ಮನೆಗಳ ಮುಂದೆ ಬಣ್ಣಬಣ್ಣವಾಗಿ ಅರಳುವ ಬೋಗನ್‌ವಿಲ್ಲ ಹೂವಿಗೂ ಈ ದ್ವೀಪಕ್ಕೂ ಹೆಸರು ಬಂದದ್ದು ಒಬ್ಬನೇ ಫ್ರೆಂಚ್ ನಾವಿಕನಿಂದ. ಹಸಿರು ಕಾಡಿನ ಆ ದ್ವೀಪದ ಪಂಗುನಾ ಎಂಬಲ್ಲಿ 1960ರ ದಶಕದಲ್ಲಿ ತಾಮ್ರ ಸಿಕ್ಕಿತು. ಆಗ ಆ ಪ್ರದೇಶ ಆಸ್ಟ್ರೇಲಿಯದ ಆಡಳಿತದಲ್ಲಿತ್ತು.

ಬೋಗನ್‌ವಿಲ್‌ನ ಬಹುತೇಕ ಕಡೆ ನೆಲ ತಾಯಿಯಿಂದ ಮಗಳಿಗೆ ಬರುತ್ತದೆ. ನಮ್ಮ ಕರಾವಳಿಯ ಅಳಿಯಕಟ್ಟು ತಿಳಿದ ಅಜ್ಜಿಯಂದಿರಿಗೆ ಇದು ಹೊಸದಲ್ಲ. ನೆಲದ ಬಗ್ಗೆ ಹೆಂಗಸರ ಮಾತಿಗೆ ಅಲ್ಲಿ ತೂಕ ಹೆಚ್ಚು. ಆದರೆ ಬಂದ ಅಧಿಕಾರಿಗಳು ಮಾತನಾಡಿದ್ದು ಹೆಚ್ಚಾಗಿ ಗಂಡಸರೊಡನೆ. "ನೆಲದ ಮೇಲಿನದು ನಿಮ್ಮದು, ನೆಲದಡಿಯದು ಸರ್ಕಾರದ್ದು" ಎಂಬ ಅವರ ಕಾನೂನು ಊರವರಿಗೆ ಅರ್ಥವೇ ಆಗಲಿಲ್ಲ. ತೆಂಗಿನಮರ ನಿಮ್ಮದು, ಅದರ ಬೇರು ನಮ್ಮದು ಎಂದರೆ ಯಾರು ಒಪ್ಪುತ್ತಾರೆ? 1969ರಲ್ಲಿ ಬಂದರಿಗಾಗಿ ರೊರೊವಾನಾ ಎಂಬ ಊರಿನ ನೆಲ ಹಿಡಿಯಲು ಬಂದಾಗ ಹೆಂಗಸರು ಬುಲ್ಡೋಜರುಗಳ ಎದುರು ನಿಂತರು. ಪೊಲೀಸರು ಲಾಠಿ, ಅಶ್ರುವಾಯು ಬಳಸಿದರು.

1972ರಲ್ಲಿ ಗಣಿ ಶುರುವಾಯಿತು. ಮುಂದೆ 1975ರಲ್ಲಿ ದೇಶ ಸ್ವತಂತ್ರವಾಯಿತು. ತಾಮ್ರದ ರಫ್ತು ಹೊಸ ದೇಶದ ಬೊಕ್ಕಸ ತುಂಬಿತು, ಆಸ್ಟ್ರೇಲಿಯದ ಗಣಿ ಕಂಪನಿಗೆ ಲಾಭ ತಂದಿತು. ನೆಲ ಕಳೆದುಕೊಂಡವರಿಗೆ ಸಿಕ್ಕಿದ್ದು ಅತಿ ಚಿಕ್ಕ ಪಾಲು. ಗಣಿಯ ಕಸವಾಗಿ ನೂರು ಕೋಟಿ ಟನ್‌ಗೂ ಮಿಕ್ಕಿದ ಕಲ್ಲುಪುಡಿ, ಕೆಸರು ಜಾಬಾ ನದಿಯ ಕಣಿವೆ ಸೇರಿತು. ಮೀನು ಹೋಯಿತು, ತೋಟಗಳು ಕೆಸರಿನಡಿ ಮುಚ್ಚಿದವು.

ಪರ್ಪೆಚುವಾ ಸೆರೆರೊ ಎಂಬ ಮಹಿಳೆಯೂ, ಗಣಿಯಲ್ಲೇ ಕೆಲಸ ಮಾಡಿದ್ದ ಫ್ರಾನ್ಸಿಸ್ ಓನಾ ಅವರೂ ನೆಲದೊಡೆಯರ ಹೊಸ ಸಂಘಕ್ಕೆ ಮುಂದಾಳುಗಳಾಗಿ ಪರಿಹಾರ ಕೇಳಿದರು. ಉತ್ತರ ಸಮಾಧಾನ ತರಲಿಲ್ಲ. 1988ರ ಕೊನೆಯಲ್ಲಿ ಸಿಟ್ಟಿಗೆದ್ದವರು ಗಣಿಯ ಸಿಡಿಮದ್ದನ್ನೇ ಕದ್ದು, ಅದಕ್ಕೆ ಕರೆಂಟು ತರುತ್ತಿದ್ದ ಕಂಬಗಳನ್ನು ಉರುಳಿಸಿದರು. 1989ರ ಮೇ ತಿಂಗಳಲ್ಲಿ ಗಣಿ ಮುಚ್ಚಿತು. ರೆಡ್ ಡಾಗ್ ತೆರೆದ ವರ್ಷವೇ!

ಆಮೇಲೆ ನಡೆದದ್ದು ಸುಮಾರು ಹತ್ತು ವರ್ಷಗಳ ಅಂತರ್ಯುದ್ಧ. ದ್ವೀಪಕ್ಕೆ ದಿಗ್ಬಂಧನ ಹಾಕಿದ್ದರಿಂದ ಔಷಧಿಯೂ ಸಿಗದೆ ಜನ ಸತ್ತರು. ಯುದ್ಧದಿಂದ ಸತ್ತವರ ಅಂದಾಜು 20,000ದವರೆಗೂ ಹೋಗುತ್ತದೆ. 2001ರಲ್ಲಿ ಶಾಂತಿ ಒಪ್ಪಂದವಾಯಿತು. 2019ರಲ್ಲಿ ಜನಮತ ಕೇಳಿದಾಗ ಶೇ 98ರಷ್ಟು ಜನ ತಮಗೆ ಬೇರೆ ದೇಶ ಬೇಕೆಂದರು. ಪಂಗುನಾದ ದೈತ್ಯ ಗುಂಡಿ ಹಾಗೇ ಇದೆ. ಕೆಸರು ತುಂಬಿದ ನದಿಯನ್ನು ಸರಿಪಡಿಸುವವರು ಯಾರು ಎಂಬ ಮಾತುಕತೆ ದಶಕಗಳಾದರೂ ಮುಗಿದಿಲ್ಲ.

ನಮ್ಮ ಕೋಲಾರವೂ ಹೊರದೇಶದ ಗಣಿಯೇ!

ಯಾರಿಗೆ? ಲಂಡನ್ನಿನವರಿಗೆ. ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪನಿ 1880ರ ದಶಕದಿಂದ ಕೋಲಾರದ ಚಿನ್ನದ ಗಣಿಗಳನ್ನು ನಡೆಸಿತು. ಅಲ್ಲಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿಯಿತು. ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ದುಡಿದವರು ಇಲ್ಲಿನ ಜನ, ಚಿನ್ನ ಹೋದದ್ದು ಹಡಗಿನಲ್ಲಿ. 2001ರಲ್ಲಿ ಗಣಿ ಮುಚ್ಚಿತು. ಅದಿರಿನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡಗಳು ಇಂದಿಗೂ ಅಲ್ಲಿವೆ. ಗಾಳಿ ಬೀಸಿದಾಗ ಅವುಗಳ ಧೂಳು ಮನೆಗಳಿಗೆ ಬರುತ್ತದೆ.

ಗಣಿ ಇರುವ ಜಿಲ್ಲೆಯ ಜನರಿಗೆ ಗಣಿ ಹಣದಲ್ಲಿ ಪಾಲಿರಬೇಕು ಎಂದು ನಮ್ಮ ದೇಶದಲ್ಲೂ 2015ರಲ್ಲಿ ಕಾನೂನು ತಿದ್ದಿ ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ಮಾಡಲಾಯಿತು. ಬಳ್ಳಾರಿಯಂಥ ಜಿಲ್ಲೆಗಳಲ್ಲಿ ಈ ಹಣ ಕುಡಿಯುವ ನೀರು, ಶಾಲೆ, ಆಸ್ಪತ್ರೆಗಳಿಗೆ ಬಳಕೆಯಾಗಬೇಕು.

ಗಣಿ ಮುಗಿದ ಮೇಲೆ?

ಯಾವ ಗಣಿಯೂ ಅಕ್ಷಯಪಾತ್ರೆಯಲ್ಲ. ರೆಡ್ ಡಾಗ್‌ನ ಮೊದಲ ಗುಂಡಿ ಬರಿದಾಗಿ, ಪಕ್ಕದ ಇನ್ನೊಂದು ನಿಕ್ಷೇಪವನ್ನು 2010ರಿಂದ ಅಗೆಯುತ್ತಿದ್ದಾರೆ. ಆ ನಿಕ್ಷೇಪಕ್ಕೆ ಅಕ್ಕಲುಕ್ ಎಂದು ಹೆಸರು. ನಾನಾ ಸಂಸ್ಥೆಯನ್ನು ಕಟ್ಟಿದ ಹಿರಿಯರೊಬ್ಬರ ಹೆಸರದು. ಅದೂ 2030ರ ದಶಕದ ಆರಂಭದಲ್ಲಿ ಮುಗಿಯುವ ಲೆಕ್ಕವಿದೆ. ಆಮೇಲೆ ಸಂಬಳ ಎಲ್ಲಿಂದ? ಶಾಲೆಗೆ ಹಣ ಎಲ್ಲಿಂದ? ಗುಂಡಿಯ ನೀರನ್ನು ಶುದ್ಧ ಮಾಡುತ್ತಲೇ ಇರುವ ಹೊಣೆ ಯಾರದು? ಇನುಪಿಯಾಟ್ ಊರುಗಳಲ್ಲಿ ಈಗ ಇದೇ ಮಾತು. ಹತ್ತಿರದ ಬೇರೆ ನಿಕ್ಷೇಪಗಳ ಹುಡುಕಾಟವೂ ನಡೆದಿದೆ.

ಸತು ಮುಗಿಯುತ್ತದೆ, ಕ್ಯಾರಿಬೂ ಉಳಿಯಬೇಕು. ಹಾಗೆಂದೇ ಆ ಹಿರಿಯರು ನಲವತ್ತು ವರ್ಷಗಳ ಹಿಂದೆ ಪ್ರಾಣಿಗಳ ಪರವಾಗಿ ಕಾಗದದ ಮೇಲೆ ಷರತ್ತು ಬರೆಸಿದ್ದು. ಈ ಬೇಸಿಗೆಯಲ್ಲೂ ಮಂಜು ಒಡೆದಾಗ ಕಿವಲೀನಾದ ದೋಣಿಗಳು ಮೊದಲು ಕಡಲಿಗಿಳಿಯುತ್ತವೆ. ಹಡಗುಗಳ ಸರದಿ ಆಮೇಲೆ.

ನಿಮಗೆ ಗೊತ್ತೇ?

ಸತುವನ್ನು ಅದಿರಿನಿಂದ ಬೇರ್ಪಡಿಸುವುದು ಬಹಳ ಕಷ್ಟ. ಕುಲುಮೆಯ ಬಿಸಿಗೆ ಅದು ಆವಿಯಾಗಿ ಹಾರಿಹೋಗುತ್ತದೆ. ಆ ಆವಿಯನ್ನು ಹಿಡಿದು ತಣಿಸಿ ಸತುವಾಗಿಸುವ ವಿದ್ಯೆಯನ್ನು ರಾಜಸ್ಥಾನದ ಜಾವರ್ ಎಂಬಲ್ಲಿ ನಮ್ಮ ಹಿಂದಿನವರು ನೂರಾರು ವರ್ಷಗಳ ಹಿಂದೆಯೇ ಸಾಧಿಸಿದ್ದರು. ಅದಕ್ಕಾಗಿ ಬಳಸಿದ ಮಣ್ಣಿನ ಪಾತ್ರೆಗಳ ರಾಶಿ ಇಂದಿಗೂ ಅಲ್ಲಿ ಕಾಣಸಿಗುತ್ತದೆ.

ಅಜ್ಜಿ-ತಾತಂದಿರ ಜೊತೆ ಕೂತು ಮಾಡಿ

ನಿಮ್ಮ ಊರಿನ ಹತ್ತಿರ ಒಂದು ಅಣೆಕಟ್ಟೋ ರಸ್ತೆಯೋ ಕಲ್ಲುಕ್ವಾರಿಯೋ ಕಾರ್ಖಾನೆಯೋ ಬಂದ ಕಥೆಯನ್ನು ಅವರಿಂದ ಕೇಳಿ ಬರೆದುಕೊಳ್ಳಿ. ಮೂರು ಪ್ರಶ್ನೆ ಮರೆಯಬೇಡಿ: ಆ ನೆಲ ಮೊದಲು ಯಾರದಾಗಿತ್ತು? ಶುರುಮಾಡುವ ಮುನ್ನ ಯಾರನ್ನು ಕೇಳಿದರು? ಕೊಟ್ಟ ಮಾತಿನಲ್ಲಿ ಯಾವುದು ನಡೆಯಿತು, ಯಾವುದು ನಡೆಯಲಿಲ್ಲ? ಬರೆದದ್ದನ್ನು ತರಗತಿಯಲ್ಲಿ ಓದಿ ಹೇಳಿ.